ಸೊಟ್ಟ ಬಾಯಿಯ ಭಾವ, ಮಾವನ ಎಡೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಯೋಗರಾಜನಿಗೆ ದೇವರು ಎತ್ತರ ಕೊಟ್ಟಿರಲಿಲ್ಲ. ಕೂದಲು ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡಿದ್ದ. ಬುದ್ಧಿಯ ವಿಷಯದಲ್ಲೂ ಸ್ವಲ್ಪ ಕೈ ಬಿಗಿ ಹಿಡಿದಿದ್ದ. ಆದರೆ ಹಲ್ಲು ಕೊಡುವಾಗ ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಹಾಗಂತ ಯೋಗರಾಜನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೇರೆ ಗುಮಾಸ್ತರು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ನೋಡಿದರೆ, ಇವನು ಬಾಯಿಗೆ ಎಸೆದುಕೊಂಡು ಕಟ್ಟನೆ ಕಡಿದು, ಎರಡು ಹೋಳನ್ನು ಅಂಗೈ ಮೇಲೆ ಉಗುಳಿ, "ನೋಡ್ಕಳಿ, ಒಳಗೆ ಒಂಚೂರೂ ಕಪ್ಪಿಲ್ಲ" ಅನ್ನುತ್ತಿದ್ದ. ಆ ಅಂಗೈಯನ್ನು ಹತ್ತಿರದಿಂದ ನೋಡಲು ಯಾರೂ ಮುಂದೆ ಬರುತ್ತಿರಲಿಲ್ಲವಾದ್ದರಿಂದ ಅವನು ಹೇಳಿದ್ದೇ ಕೊನೆಯ ಮಾತಾಗುತ್ತಿತ್ತು.

ಇಂಥ ಮನುಷ್ಯನಿಗೆ ಹಲ್ಲು ನೋವು ಬಂದರೆ ಅವನು ಯಾರಿಗೆ ಹೇಳಬೇಕು? ಯಾರಿಗೂ ಹೇಳಲಿಲ್ಲ. ಬಲಗಡೆಯ ಕೆಳದವಡೆಯ ಹಲ್ಲು ಮೂರು ವರ್ಷದಿಂದ ಒಳಗೊಳಗೇ ಹುಳುಕಾಗುತ್ತಿತ್ತು. ಅವನು ಹೊರಹೊರಗೇ ನಗುತ್ತಿದ್ದ.

ಈ ಗುಟ್ಟಿನಿಂದಲೇ ಒಂದು ದೊಡ್ಡ ಅನಾಹುತ ನಡೆದುಹೋಗಿತ್ತು. ಅವನ ಹೆಂಡತಿ ಪುಷ್ಪಮ್ಮನ ತವರು ಭದ್ರಾವತಿಯ ಕಾಗದನಗರದ ಪಕ್ಕದಲ್ಲಿ. ಅಲ್ಲಿ ಅವಳ ಅಣ್ಣ ಚೌಡಯ್ಯ ಇದ್ದ. ಚೌಡಯ್ಯ ಆಯುಷ್ಯವನ್ನೆಲ್ಲ ಕಾಗದದ ಕಾರ್ಖಾನೆಯ ಬಾಯ್ಲರ್ ಪಕ್ಕ ನಿಂತು ಕಳೆದವನು. ಕಾರ್ಖಾನೆ ನಿಂತಿದ್ದರೂ ಅವನ ಗಂಟಲು ನಿಂತಿರಲಿಲ್ಲ, ಗುಟ್ಟು ಹೇಳುವಾಗಲೂ ಕೂಗಿಯೇ ಹೇಳುತ್ತಿದ್ದ. ಮೂರು ವರ್ಷದ ಹಿಂದೆ ಆ ಮನೆಯಲ್ಲಿ ಹಿರಿಯರ ಹಬ್ಬ. ತೀರಿಕೊಂಡ ಮಾವ ದ್ಯಾವಪ್ಪನವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಆಮೇಲೆ ಮನೆಮಂದಿ, ಅಳಿಯಂದಿರು ಊಟಕ್ಕೆ ಕೂತಿದ್ದರು. ಯೋಗರಾಜ ಮೊದಲ ತುಂಡು ಮಟನ್ ಬಾಯಿಗಿಟ್ಟ. ಕಣ್ಣಲ್ಲಿ ಮಿಂಚು ಹೊಡೆಯಿತು. ಹಲ್ಲು ನೋವು ಅನ್ನಲು ಮರ್ಯಾದೆ ಅಡ್ಡ ಬಂದು, "ಹಸಿವಿಲ್ಲ" ಅಂದು ಎದ್ದುಬಿಟ್ಟ.

ಎಡೆ ಇಟ್ಟ ಅಡುಗೆಯನ್ನು ಅಳಿಯ ಎಲೆಯಲ್ಲಿ ಬಿಟ್ಟು ಎದ್ದರೆ, ಸತ್ತ ಮಾವನ ಮುಖಕ್ಕೆ ಹೊಡೆದ ಹಾಗೆ. ಚೌಡಯ್ಯ ಅವತ್ತೇ ಮಾತು ಬಿಟ್ಟ. ಮೂರು ವರ್ಷ ಪುಷ್ಪಮ್ಮನಿಗೆ ತವರಿಂದ ಒಂದು ಕರೆಯಿಲ್ಲ. ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ. ಈ ವರ್ಷ ಅತ್ತಿಗೆ ಮಾಸ್ತಮ್ಮ ಗಂಡನ ಜೊತೆ ಜಗಳವಾಡಿ, ಅತ್ತು, ಕೊನೆಗೆ ಹೇಗೋ ಒಪ್ಪಿಸಿ ಹಬ್ಬಕ್ಕೆ ಕರೆಸಿದ್ದಳು.

"ನೋಡ್ರೀ," ಅಂದಳು ಪುಷ್ಪಮ್ಮ ಹಿಂದಿನ ದಿನ, "ನಾನು ಬೆಳಿಗ್ಗೆನೇ ಹೋಗಿ ಅತ್ತಿಗೆಗೆ ಕೈಜೋಡಿಸ್ತೀನಿ. ನೀವು ಊಟದ ಹೊತ್ತಿಗೆ ಬನ್ನಿ. ಈ ಸಲ ನಿಮ್ಮೆಲೇಲಿ ಒಂದು ಅಗುಳು ಉಳಿದ್ರೂ ನನಗೆ ತವರು ಅನ್ನೋದು ಮುಗೀತು. ಆಮೇಲೆ ನಿಮ್ಮ ಗತಿ ಏನು ಅಂತ ನಾನು ಈಗ ಹೇಳಲ್ಲ."

ಹೇಳದೇ ಇದ್ದದ್ದಕ್ಕೇ ಯೋಗರಾಜನಿಗೆ ಹೆಚ್ಚು ಹೆದರಿಕೆಯಾಯಿತು.

ಅದಕ್ಕೇ ಅವನೊಂದು ಭಾರಿ ಯೋಜನೆ ಹಾಕಿದ. ಬೆಳಿಗ್ಗೆ ಹೆಂಡತಿ ಬಸ್ಸು ಹತ್ತಿದ ಮೇಲೆ ಕದ್ದು ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು, ರೂಟ್ ಕೆನಾಲ್ ಮಾಡಿಸಿಕೊಳ್ಳುವುದು, ಮಧ್ಯಾಹ್ನ ಭದ್ರಾವತಿಯಲ್ಲಿ ಮೂಳೆ ಕಡಿಯುವುದು. ರೂಟ್ ಕೆನಾಲ್ ಅಂದರೆ ಅವನ ಲೆಕ್ಕದಲ್ಲಿ ಕ್ಷೌರದಂತೆ, ಕೂತೆ, ಎದ್ದೆ, ಮುಗೀತು.

ಡಾಕ್ಟರ್ ಹೇಮಶ್ರೀ ಎಂಬ ಆ ಹುಡುಗಿ ಮೆತ್ತಗೆ ಮಾತಾಡುವವಳು. ಕೆಲಸ ಮುಗಿಸಿ, ಕೈಗವಸು ಕಳಚುತ್ತಾ ಹೇಳಿದಳು, "ಸರ್, ನೋವು ಬಂದ ಮೇಲೆ ಓಡ್ಸೋದು ಕಷ್ಟ, ಬರದಂಗೆ ತಡೆಯೋದು ಸುಲಭ. ಈ ಮಾತ್ರೇನ ಮರಗಟ್ಟಿದ್ದು ಬಿಡೋಕೆ ಮುಂಚೆನೇ ತಗೊಳ್ಬೇಕು. ನೋವು ಶುರುವಾಗ್ಲಿ ನೋಡಣ ಅಂತ ಕಾಯ್ಬೇಡಿ."

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪುಷ್ಪಮ್ಮ. "ಎಲ್ಲಿದ್ದೀರಾ? ಅಣ್ಣ ಆಗ್ಲೇ ಎರಡು ಸಲ ಕೇಳಿದ!"

"ಹಾಂ, ಹಾಂ, ಹೊರಟೆ" ಎಂಬುದನ್ನು ಅರ್ಧ ತುಟಿಯಲ್ಲಿ ಹೇಳುವಷ್ಟರಲ್ಲಿ ಡಾಕ್ಟರು ಇನ್ನೇನೋ ಹೇಳಿ ಮುಗಿಸಿದ್ದಳು. ಫೋನು ಇಟ್ಟಾಗ ಕಿವಿಗೆ ಬಿದ್ದದ್ದು ಬಾಲ ಮಾತ್ರ. "...ಖಾಲಿ ಹೊಟ್ಟೇಲಂತೂ ಮಾತ್ರೆ ಬೇಡ. ಮರಗಟ್ಟಿದ್ದು ಬಿಡೋವರೆಗೂ ಅನ್ನ, ರೊಟ್ಟಿ, ಏನೂ ತಿನ್ನೋ ಹಾಗಿಲ್ಲ, ಗೊತ್ತಾಗದೆ ಕೆನ್ನೇನೇ ಕಚ್ಕೊಂಡ್‌ಬಿಡ್ತೀರಾ. ಅರ್ಥ ಆಯ್ತಲ್ಲ ಸರ್?"

ಅರ್ಥವಾಗಲಿಲ್ಲ ಎಂದು ಯೋಗರಾಜ ಆಯುಷ್ಯದಲ್ಲಿ ಯಾರಿಗೂ ಹೇಳಿದವನಲ್ಲ. ಹೆಬ್ಬೆರಳು ಎತ್ತಿ ತೋರಿಸಿ ಹೊರಟುಬಿಟ್ಟ.

ಮೆಟ್ಟಿಲಿಳಿಯುವಾಗ ತಲೆ ಕೆಲಸ ಮಾಡಲು ಶುರುಮಾಡಿತು. ಅದು ಅಪರೂಪ, ಹಾಗಾಗಿ ನೋಯುತ್ತಿತ್ತು. ಮರಗಟ್ಟಿದ್ದು ಬಿಡುವ ಮುಂಚೆ ಮಾತ್ರೆ ತಗೋಬೇಕು. ಮಾತ್ರೆ ತಗೋಬೇಕಾದರೆ ಹೊಟ್ಟೆಗೆ ಬೀಳಬೇಕು. ಹೊಟ್ಟೆಗೆ ಬೀಳಬೇಕಾದರೆ ಮರಗಟ್ಟಿದ್ದು ಬಿಟ್ಟಿರಬೇಕು. ಬಿಟ್ಟ ಮೇಲೆ ಮಾತ್ರೆ ತಗೊಂಡರೆ ನೋವು ಆಗಲೇ ಬಂದು ಚಾಪೆ ಹಾಸಿಕೊಂಡು ಕೂತಿರುತ್ತೆ! ಇದೇನು ವೈದ್ಯವೋ ಒಗಟೋ? ವಾಪಸ್ ಹೋಗಿ ಕೇಳಬಹುದಿತ್ತು. ಆದರೆ ಹೆಬ್ಬೆರಳು ಎತ್ತಿ ಬಂದವನು ಮತ್ತೆ ಯಾವ ಬೆರಳು ಎತ್ತಿಕೊಂಡು ಹೋಗೋದು?

ಭದ್ರಾವತಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಶಿವರಾಮ. ಚೌಡಯ್ಯನ ಪಕ್ಕದ ಮನೆಯವನು, ಅವನ ಜೊತೆಗೇ ಕಾರ್ಖಾನೆಯಲ್ಲಿದ್ದವನು. ಈಗ ಮಾಡಲು ಕೆಲಸವಿಲ್ಲದ್ದರಿಂದ ಊರಿನ ಸುದ್ದಿಯನ್ನೆಲ್ಲ ತಾನೇ ಹೊತ್ತು ಹಂಚುತ್ತಿದ್ದ.

"ಏನ್ ಯೋಗಣ್ಣ, ಹಬ್ಬಕ್ಕಾ?" ಅಂದ.

ಯೋಗರಾಜನಿಗೆ ತನ್ನ ಬಲಗಡೆಯ ತುಟಿ ಯಾರದೋ ತುಟಿಯನ್ನು ತಂದು ಕಟ್ಟಿದ ಹಾಗಿತ್ತು. ಆದರೂ ಒಗಟನ್ನು ಇವನ ಮುಂದೆ ಇಡೋಣ ಎನಿಸಿತು. ಹಲ್ಲಿನ ಮಾತೆತ್ತದೆ, ಸುಮ್ಮನೆ ಲೋಕಾಭಿರಾಮವಾಗಿ ಕೇಳಿದ, "ಶಿಹರಾಹಣ್ಣಾ... ಊಠ ಹಾಡದೆ... ಹಾತ್ರೆ ನುಂಗಹೌದಾ?"

ಶಿವರಾಮ ತಿರುಗಿ ನೋಡಿದ. ಬಾಯಿ ಎಡಗಡೆಗೆ ಎಳೆದುಕೊಂಡಿದೆ. ಬಲಗಡೆಯ ತುಟಿ ಜೋತುಬಿದ್ದಿದೆ. ಅಲ್ಲಿಂದ ಜೊಲ್ಲಿನ ಒಂದು ಎಳೆ ಇಳಿದು ಅಂಗಿಯ ಗುಂಡಿ ಮುಟ್ಟಿದೆ. ಯೋಗರಾಜ ಮರ್ಯಾದೆಗೆಂದು ಮುಗುಳ್ನಕ್ಕ. ಅದೇ ತಪ್ಪಾಯಿತು. ಅರ್ಧ ಮುಖ ನಕ್ಕಿತು, ಇನ್ನರ್ಧ ಸುಮ್ಮನಿತ್ತು.

ಶಿವರಾಮ ಫೋನೆತ್ತಿ, ಇಡೀ ಬಸ್ಸಿಗೆ ಕೇಳುವಂತೆ, "ಚೌಡಣ್ಣಾ, ಗಾಬರಿ ಆಗ್ಬೇಡ. ನಿನ್ನ ತಂಗಿ ಗಂಡನಿಗೆ ಲಕ್ವ ಹೊಡೆದಿದೆ. ಮಾತು ಹೋಗಿದೆ, ಬಾಯಿ ತಿರುಗಿದೆ. ನೀನು ಗಾಬರಿ ಆಗ್ಬೇಡ!" ಅಂದ.

ಯೋಗರಾಜ ಎರಡೂ ಕೈ ಬೀಸಿ "ಲಖ್ಹ ಅಲ್ಲಾ, ಅಲ್ಲಾ" ಅಂದ.

"ಕೈಗೂ ಬಂತು, ತಾನಾಗೇ ಆಡ್ತಿದೆ" ಎಂದು ಶಿವರಾಮ ಫೋನಿಗೆ ವರದಿ ಒಪ್ಪಿಸಿದ. ಕಂಡಕ್ಟರು ಬಂದು ಕಿಟಕಿ ತೆಗೆದ. ಮುಂದಿನ ಸೀಟಿನ ಹೆಂಗಸು ಮುಡಿಯಿಂದ ಎರಡು ಮಲ್ಲಿಗೆ ಹೂವು ಕಿತ್ತು ಅವನ ಮೂಗಿಗೆ ಹಿಡಿದಳು. ಬಸ್ಸು ಭದ್ರಾವತಿ ಮುಟ್ಟುವವರೆಗೂ ಡ್ರೈವರು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದ. ಆ ರಸ್ತೆಯಲ್ಲಿ ಅಂಥ ಗೌರವ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಮನೆಯ ಮುಂದೆ ಅರ್ಧ ಕಾಲೋನಿ ನೆರೆದಿತ್ತು. ಪುಷ್ಪಮ್ಮ ಗಂಡನ ಮುಖ ನೋಡಿದವಳೇ, "ಅಯ್ಯೋ ನನ್ ರಾಜಾ, ಬೆಳಿಗ್ಗೆ ನೆಟ್ಟಗಿದ್ರಲ್ರೀ!" ಎಂದು ಮೆಟ್ಟಿಲ ಮೇಲೆ ಕುಸಿದಳು. ಅವಳು ರಾಜಾ ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಎದುರು ಮನೆಯ ತಮಿಳಿನ ಅಜ್ಜಿ "ಅಯ್ಯೋ ಮುರುಗಾ" ಅಂತ ವಿಭೂತಿ ತರಲು ಓಡಿದಳು. ಹೆಂಡತಿಯ ಅಳು ನೋಡಿ ಯೋಗರಾಜ ಇರೋ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದ. ಆಗಲೇ ಬಾಗಿಲಿನ ಆಚೆ, ಫೋಟೋದ ಮುಂದೆ, ಬಾಳೆ ಎಲೆಯ ಮೇಲೆ ರಾಶಿ ಹಾಕಿದ ಮಟನ್ ಕಂಡಿತು. ಪಕ್ಕದಲ್ಲಿ ಅವನಿಗೆಂದೇ ಅಷ್ಟೇ ಅಗಲದ ಇನ್ನೊಂದು ಎಲೆ.

ಲಕ್ವ ಹೊಡೆದವನು ಎಲೆ ಖಾಲಿ ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಯೋಗರಾಜ ಬಾಯಿ ಮುಚ್ಚಿದ. ಮುಚ್ಚಿದ್ದು ಅರ್ಧವೇ ಆದರೂ, ಮುಚ್ಚಿದ.

"ನಿಂತ್ಕೊಂಡು ಏನು ನೋಡ್ತೀರ, ಮೊದಲು ಆಸ್ಪತ್ರೆಗೆ ಹಾಕ್ಕೊಂಡು ಹೋಗಿ!" ಎಂದಳು ಮಾಸ್ತಮ್ಮ. ಅಲ್ಲಿದ್ದವರಲ್ಲಿ ಸರಿಯಾದ ಮಾತಾಡಿದವಳು ಅವಳೊಬ್ಬಳೇ. ಆಟೋ ಬಂತು. ಆಸ್ಪತ್ರೆಯಲ್ಲಿ ಬಾಯಿ ಬಿಡಿಸಿ ನೋಡಿದರೆ ಮುಗಿಯಿತು ಎಂದು ಹೊಳೆದದ್ದೇ ತಡ, ಯೋಗರಾಜ ಜಗಲಿಯ ಕಂಬವನ್ನು ತಬ್ಬಿಕೊಂಡ. ಶಿವರಾಮ ಎಳೆದ, ಆಟೋದವನು ಎಳೆದ, ಇನ್ನಿಬ್ಬರು ಕಾಲು ಹಿಡಿದು ಎಳೆದರು. ಕಂಬ ಅಲ್ಲಾಡಿತು, ಯೋಗರಾಜ ಅಲ್ಲಾಡಲಿಲ್ಲ.

"ಬಿಡ್ರೋ!" ಎಂದು ಚೌಡಯ್ಯ ಕೂಗಿದ. ಎಲ್ಲರೂ ಬಿಟ್ಟರು. "ಲಕ್ವ ಹೊಡೆದೋನಿಗೆ ಇಷ್ಟು ಬಲ ಎಲ್ಲಿಂದ ಬರ್ಬೇಕು? ಇದು ಅವನ ಹಿಡಿತ ಅಲ್ಲ. ಅಪ್ಪ ಹಿಡ್ಕೊಂಡಿದ್ದಾನೆ."

ಎಳೆಯುತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ಮೂರು ವರ್ಷದ ಹಿಂದೆ ಇವನು ಏನು ಮಾಡ್ದ? ಅಪ್ಪನ ಎಡೆ ಊಟಾನ ಎಲೇಲಿ ಬಿಟ್ಟ. ಯಾವ ಬಾಯಲ್ಲಿ ಬೇಡ ಅಂದ್ನೋ ಅದೇ ಬಾಯಿ ತಿರುಗಿದೆ. ಅದೂ ಇವತ್ತೇ. ಇದಕ್ಕಿಂತ ಸಾಕ್ಷಿ ಏನ್ರೋ ಬೇಕು?" ಎಂದು ಚೌಡಯ್ಯ ಫೋಟೋದ ಮುಂದೆ ಹೋಗಿ ಅಡ್ಡಬಿದ್ದ. "ಅಪ್ಪಾ! ಅವನು ಎಲೆ ಬಿಟ್ಟಿದ್ದು ತಪ್ಪು. ಆದ್ರೆ ನಾನು ತಂಗೀನೇ ಬಿಟ್ನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಸಿಟ್ಟಿದ್ರೆ ನನ್ನ ಬಾಯಿ ತಿರುಗ್ಸು, ಅವನನ್ನ ಬಿಟ್ಟುಬಿಡು. ಪುಷ್ಪಿ ಅಳೋದನ್ನ ನೋಡೋಕಾಗಲ್ಲ ನನಗೆ!"

ಬಾಯ್ಲರ್ ಗಂಟಲಿನ ಈ ಪ್ರಾರ್ಥನೆ ಹೊಳೆಯಾಚೆಗೂ ಕೇಳಿಸಿರಬೇಕು. ಪುಷ್ಪಮ್ಮ "ಅಣ್ಣಾ" ಎಂದು ಅವನ ಹೆಗಲಿಗೆ ಒರಗಿದಳು. ಅಣ್ಣತಂಗಿ ಮೂರು ವರ್ಷದ ಅಳು ಒಟ್ಟಿಗೆ ಅತ್ತರು. ಯೋಗರಾಜನೂ ಅತ್ತ, ಒಂದೇ ಕೆನ್ನೆಗೆ ಗೊತ್ತಾಗುವಂತೆ.

ಕಂಬದಿಂದ ಬಿಡಿಸಿಕೊಂಡು ಬಂದವನನ್ನು ಚಾಪೆಯ ಮೇಲೆ ಮಲಗಿಸಿದರು. ಮಾಸ್ತಮ್ಮ, "ಗಟ್ಟಿ ಪದಾರ್ಥ ಇಳಿಯಲ್ಲ, ಕಚ್ಕೊಂಡ್ರೆ ಇನ್ನೊಂದು ಕಷ್ಟ" ಎಂದು ಗಂಜಿ ಮಾಡಿ, ಮಜ್ಜಿಗೆ ಬೆರೆಸಿ ತಣ್ಣಗೆ ಮಾಡಿ, ಎಡಗಡೆಯಿಂದ ಚಮಚದಲ್ಲಿ ಬಿಟ್ಟಳು. ಎರಡನೇ ಚಮಚಕ್ಕೆ ಯೋಗರಾಜನ ಕಣ್ಣು ಅರಳಿತು. ಗಂಜಿ! ಅಗಿಯೋ ಹಾಗಿಲ್ಲ, ಆದರೆ ಹೊಟ್ಟೆ ಖಾಲಿಯೂ ಅಲ್ಲ. ಬೆಳಿಗ್ಗೆಯಿಂದ ತಲೆ ತಿಂದ ಒಗಟಿಗೆ ಉತ್ತರ ಬಟ್ಟಲಿನಲ್ಲೇ ಇತ್ತು. ಅವನು ಆತುರವಾಗಿ ಜೇಬು ತೋರಿಸಿದ. ಮಾಸ್ತಮ್ಮ ಮಾತ್ರೆ ತೆಗೆದಳು.

"ಅದರ ಕೈಲಿ ಏನಾಗುತ್ತೆ?" ಎಂದ ಚೌಡಯ್ಯ. "ಆದ್ರೂ ಆಸೆ ಪಡ್ತಿದ್ದಾನೆ, ನುಂಗ್ಲಿ ಬಿಡು."

ಆಮೇಲೆ ಚೌಡಯ್ಯ ಹರಳೆಣ್ಣೆ ಬಿಸಿ ಮಾಡಿಸಿಕೊಂಡು ಭಾವನ ಪಾದ ತಿಕ್ಕಲು ಕೂತ.

"ಬಾಯಿ ತಿರುಗಿದ್ರೆ ಪಾದ ಯಾಕೆ ತಿಕ್ತೀಯ ಚೌಡಣ್ಣ?" ಅಂದ ಶಿವರಾಮ.

"ಅಷ್ಟು ವರ್ಷ ಕಾರ್ಖಾನೇಲಿ ಏನು ನೋಡ್ದೆ ನೀನು? ಬಾಯ್ಲರಿಗೆ ಬೆಂಕಿ ಮೇಲಿಂದ ಹಾಕ್ತಾರಾ?"

ಶಿವರಾಮ ಹೋಗಿ ಊಟಕ್ಕೆ ಕೂತ. ಹಬ್ಬದ ಅಡುಗೆ ಕೆಡಬಾರದಲ್ಲ. ನೆರೆದವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಉಂಡರು, ಬಿಕ್ಕುತ್ತಲೇ ಮತ್ತೆ ಬಡಿಸಿಕೊಂಡರು. "ಪಾಪ, ಇದನ್ನ ತಿನ್ನೋ ಯೋಗ ಇಲ್ದಂಗಾಯ್ತು" ಎಂದು ಯೋಗರಾಜನ ಪಾಲಿನ ಮೂಳೆಯನ್ನೂ ಚೀಪಿದರು. ಯೋಗರಾಜ ಚಾಪೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ. ಆ ನೋವಿಗೆ ಮಾತ್ರ ಡಾಕ್ಟರು ಮಾತ್ರೆ ಬರೆದುಕೊಟ್ಟಿರಲಿಲ್ಲ.

ಕಾಫಿಯ ಹೊತ್ತಿಗೆ ತುಟಿಯಲ್ಲಿ ಇರುವೆ ಹರಿದಾಡಿದಂತಾಯಿತು. ನಿಧಾನವಾಗಿ, ಎಲ್ಲರ ಕಣ್ಣೆದುರೇ, ಬಾಯಿ ತನ್ನ ಜಾಗಕ್ಕೆ ಬಂತು. ಬಂದ ಬಾಯಿ ಮೊದಲು ಆಡಿದ ಮಾತು, "ಇನ್ನೊಂಚೂರು ಗಂಜಿ ಇದ್ಯಾ ಅಕ್ಕ?"

ಎದುರು ಮನೆಯ ಅಜ್ಜಿ ಕೈಯೆತ್ತಿ ಮುಗಿದಳು. ಆಟೋದವನು ಕೂಡ ಅಲ್ಲೇ ಇದ್ದ, ಊಟ ಮಾಡಿ ಉಳಿದಿದ್ದ, ಅವನು ಶಿಳ್ಳೆ ಹೊಡೆದ. ಚೌಡಯ್ಯ ಎಣ್ಣೆಗೈಯಲ್ಲೇ ಭಾವನನ್ನು ಅಪ್ಪಿಕೊಂಡು, "ಅಪ್ಪ ಕ್ಷಮಿಸ್ದ! ನನ್ನ ಕೈಯಿಂದ ಮಾಡಿಸ್ದ!" ಎಂದು ಕೂಗಿದ.

ಆಗ ಯೋಗರಾಜನ ಫೋನು ಹೊಡೆದುಕೊಂಡಿತು. ರೋಗಿಗೆ ಯಾಕೆ ತೊಂದರೆ ಎಂದು ಶಿವರಾಮ ಎತ್ತಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

"ಯೋಗರಾಜ್ ಸರ್, ನಾನು ಡಾಕ್ಟರ್ ಹೇಮಶ್ರೀ. ರೂಟ್ ಕೆನಾಲ್ ಮಾಡಿದ ಹಲ್ಲಲ್ಲಿ ನೋವೇನೂ ಇಲ್ಲ ತಾನೆ? ತುಟಿ ಸರಿ ಹೋಯ್ತಾ? ನಾನು ಹೇಳಿದಂಗೆ ತಣ್ಣಗಿರೋ ಗಂಜಿ ಕುಡಿದು, ಮರಗಟ್ಟಿರೋವಾಗ್ಲೇ ಮಾತ್ರೆ ತಗೊಂಡ್ರಾ? ಇನ್ನೆರಡು ಸಲ ಬರ್ಬೇಕಾಗುತ್ತೆ ಸರ್. ಮುಂದಿನ ಗುರುವಾರ ಬನ್ನಿ."

ಎಲ್ಲರಿಗಿಂತ ಮೊದಲು ಪುಷ್ಪಮ್ಮ ಎದ್ದು ನಿಂತಳು. "ಹಲ್ಲಾ? ನಿಮ್ಮ ಹಲ್ಲಿಗಾ?"

ಯೋಗರಾಜನಿಗೆ ತಬ್ಬಿಕೊಳ್ಳಲು ಕಂಬ ದೂರವಿತ್ತು. "ಮೂರು ವರ್ಷದಿಂದ ಹುಳುಕು ಹಲ್ಲು ಕಣೇ," ಅಂದ ಸಣ್ಣಗೆ. "ಅವತ್ತೂ ಅದಕ್ಕೇ ಎಲೆ ಬಿಟ್ಟಿದ್ದು. ಹೇಳ್ಕೊಳೋಕೆ ನಾಚಿಕೆ ಆಯ್ತು."

ಈಗ ಎಲ್ಲರೂ ಚೌಡಯ್ಯನನ್ನು ನೋಡಿದರು. ಅತ್ತದ್ದು, ಅಡ್ಡಬಿದ್ದದ್ದು, ಎಣ್ಣೆ ತಿಕ್ಕಿದ್ದು ಎಲ್ಲ ಒಂದು ಹುಳುಕು ಹಲ್ಲಿಗೆ! ತವರು ಮತ್ತೆ ಹೋಯಿತು ಎಂದು ಪುಷ್ಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚೌಡಯ್ಯ ಫೋನಿನ ಕಡೆ ಬಗ್ಗಿದ.

"ಡಾಕ್ಟ್ರಮ್ಮಾ, ಇವನ ಬಾಯಿ ತಿರುಗ್ಸಿದ್ದು ನೀವಾ?"

"ಇಂಜೆಕ್ಷನ್ ಕೊಟ್ರೆ ಸ್ವಲ್ಪ ಹೊತ್ತು ಹಂಗಿರುತ್ತೆ. ತಾನಾಗೇ ಸರಿಹೋಗುತ್ತೆ."

"ತಾನಾಗೇ ಹೆಂಗಮ್ಮ ಸರಿಹೋಗುತ್ತೆ? ಮಧ್ಯಾಹ್ನದಿಂದ ತಿಕ್ತಿರೋನು ನಾನು!" ಎಂದು ಚೌಡಯ್ಯ ಜನರ ಕಡೆ ತಿರುಗಿ ತೀರ್ಪು ಕೊಟ್ಟ. "ಕೇಳಿಸ್ಕೊಂಡ್ರಾ? ತಿರುಗ್ಸಿದ್ದು ಅವರಂತೆ, ಒಪ್ಕೊಂಡ್ರು. ಬಿಡಿಸಿದ್ದು ನಾನು." ಆಮೇಲೆ ಭಾವನ ತಲೆಗೊಂದು ಮೊಟಕಿದ. "ಹಲ್ಲು ನೋವು ಅಂತ ಅವತ್ತೇ ಬಾಯಿ ಬಿಟ್ಟು ಹೇಳಿದ್ರೆ ಅವತ್ತೇ ಪಾದ ತಿಕ್ತಿರಲಿಲ್ವೇನೋ ಮಾರಾಯ? ಅನ್ಯಾಯವಾಗಿ ಮೂರು ವರ್ಷ ನನ್ನ ತಂಗಿ ಮುಖ ನೋಡದಂಗಾಯ್ತು. ಗುರುವಾರ ನಾನೇ ಬರ್ತೀನಿ."

ಬಂದ. ಎಣ್ಣೆ ಬಾಟಲಿ, ಗಂಜಿ ತುಂಬಿದ ದೊಡ್ಡ ಕ್ಯಾನು ಹಿಡಿದು ಬಂದು, ತಂಗಿಯ ಮನೆಯಲ್ಲಿ ಉಂಡು, ಭಾವನ ಜೊತೆ ಕ್ಲಿನಿಕ್ಕಿನಲ್ಲಿ ಕೂತ. ಒಳಗಿಂದ ಬಾಯಿ ತಿರುಗಿದವರು ಒಬ್ಬೊಬ್ಬರೇ ಬರುತ್ತಿದ್ದರು. ಚೌಡಯ್ಯನ ಮನಸ್ಸು ತಡೆಯಲಿಲ್ಲ. ಭಾವನಿಗೆ ಕುಡಿಸಿ ಉಳಿದ ಗಂಜಿಯನ್ನು ಅವರಿಗೂ ಕುಡಿಸಿದ, "ಮಾತ್ರೆ ಈಗ್ಲೇ ನುಂಗ್ಬೇಕು! ನೋವು ಬಂದ ಮೇಲಲ್ಲ!" ಎಂದು ಬಾಯ್ಲರ್ ಗಂಟಲಲ್ಲಿ ಕೂಗಿದ, ಚಪ್ಪಲಿ ಬಿಡಿಸಿ ಪಾದ ತಿಕ್ಕಿದ. ಸಂಜೆಯೊಳಗೆ ಪ್ರತಿಯೊಬ್ಬರ ಬಾಯಿಯೂ ನೆಟ್ಟಗಾಯಿತು. ಲಕ್ವ ಬಿಡಿಸುವುದರಲ್ಲಿ ಇಷ್ಟು ಕೈಗುಣ ಕರ್ನಾಟಕದಲ್ಲಿ ಇನ್ನೊಬ್ಬರಿಗಿಲ್ಲ ಎಂದು ಶಿವರಾಮ ಭದ್ರಾವತಿಯಲ್ಲಿ ಸಾರಿದ.

ಹೇಮಶ್ರೀಗೆ ಮೊದಲು ಸಿಟ್ಟೇ ಬಂತು. ಆಮೇಲೆ ಗಮನಿಸಿದಳು. ಅವಳು ಎಷ್ಟು ಮೆತ್ತಗೆ ಹೇಳಿದರೂ ಜನ ಹೊರಗೆ ಹೋಗಿ ಮಸಾಲೆ ದೋಸೆ ತಿಂದು, ಕೆನ್ನೆ ಕಚ್ಚಿಕೊಂಡು, ನೋವು ನೆತ್ತಿಗೇರಿದ ಮೇಲೆ ಮಾತ್ರೆ ಹುಡುಕುತ್ತಿದ್ದರು. ಚೌಡಯ್ಯ ಬಂದ ದಿನ ಮಾತ್ರ ನೋವು ಎಂದು ಒಂದು ಫೋನೂ ಬರಲಿಲ್ಲ. ಅವಳು ಅವನಿಗೊಂದು ಕುರ್ಚಿ ಹಾಕಿಸಿದಳು. "ಆದ್ರೆ ಒಂದು ಮಾತು ಅಂಕಲ್, ನಿಜವಾಗಿ ಲಕ್ವ ಹೊಡೆದೋರು ಯಾರಾದ್ರೂ ಬಂದ್ರೆ ಎಣ್ಣೆ ಮುಟ್ಟೋ ಹಾಗಿಲ್ಲ, ನೇರ ದೊಡ್ಡಾಸ್ಪತ್ರೆಗೆ ಕಳ್ಸಬೇಕು."

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮ" ಅಂದ ಚೌಡಯ್ಯ ಗಂಭೀರವಾಗಿ. "ನಂದು ಹಲ್ಲಿಂದ ಬರೋ ಲಕ್ವ ಮಾತ್ರ."

ಹೀಗೆ ಸುಖವಾಗಿ ನಡೆಯುತ್ತಿರುವಾಗ ಯೋಗರಾಜನ ಹಲ್ಲಿಗೆ ಕ್ಯಾಪು ಹಾಕಿ ಕೆಲಸ ಮುಗಿಯಿತು ಎಂದುಬಿಟ್ಟರು. ಆವತ್ತು ತಂಗಿಯ ಮನೆಯಲ್ಲಿ ಊಟಕ್ಕೆ ಕೂತ ಚೌಡಯ್ಯ ಅರ್ಧಕ್ಕೇ ಕೈ ನಿಲ್ಲಿಸಿದ.

"ಇನ್ನು ಬರೋದು ಅಪರೂಪ ಆಗುತ್ತೆ ಪುಷ್ಪಿ."

"ಯಾಕಣ್ಣ? ಡಾಕ್ಟ್ರು ಕುರ್ಚಿ ಹಾಕಿಸಿದ್ದಾರಲ್ಲ?"

"ನಮ್ಮ ಕಡೆ ಪೇಷಂಟೇ ಇಲ್ಲ ಅಂದ್ಮೇಲೆ ಅಲ್ಲಿ ಹೋಗಿ ಕೂರೋಕೆ ಮುಖ ಬೇಕಲ್ಲಮ್ಮ. ಕಾರಣ ಇಲ್ದೆ ತಂಗಿ ಮನೆಗೆ ವಾರವಾರ ಬಂದು ಉಂಡ್ರೂ ಜನ ಆಡ್ಕೋತಾರೆ."

ಪುಷ್ಪಮ್ಮ ಅಣ್ಣನನ್ನು ಬಸ್ಸು ಹತ್ತಿಸಿ ಬಂದು, ಅಡುಗೆಮನೆಯಲ್ಲಿ ಯೋಚಿಸುತ್ತಾ ಕೂತಳು.

ಮಾರನೇ ದಿನ ಬೆಳಿಗ್ಗೆ ಯೋಗರಾಜ ಕಾಫಿಯ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಇತ್ತು. "ಏನೇ ಇದು, ಕಾಫಿನೋ ಪಾಕನೋ?"

"ಕುಡೀರಿ ಸುಮ್ನೆ," ಎಂದು ಪುಷ್ಪಮ್ಮ ಪ್ರೀತಿಯಿಂದ ಅವನ ಗದ್ದ ಹಿಡಿದು ತಿರುಗಿಸಿದಳು, "ಎಡಗಡೆ ಹಲ್ಲಲ್ಲಿ ಸ್ವಲ್ಪ ಹೊತ್ತು ಇಟ್ಕೊಂಡು ಕುಡೀರಿ."